ಅಂಕಪಟ್ಟಿಯಿಲ್ಲದ ವರ್ಷ

ಬಾಗಿಲ ಬಳಿ ಅರವತ್ತೆರಡು ಜೊತೆ ಬೂಟು.
ಮೊದಲ ವಾರ ನನ್ನವು ಯಾವುವೆಂದು ತಡಕಾಡಿದೆ;
ನವೆಂಬರಿನ ಹೊತ್ತಿಗೆ ಕತ್ತಲಲ್ಲೂ
ಕಾಲು ತಾನೇ ಹುಡುಕಿಕೊಂಡಿತು.

ಇಲ್ಲಿ ಪರೀಕ್ಷೆಯಿಲ್ಲ, ಅಂಕವಿಲ್ಲ.
ಉತ್ತರ ನಾರ್ವೆಯ ಈ ಕೊಲ್ಲಿಯ ದಂಡೆಗೆ
ಒಂದೇ ವರ್ಷಕ್ಕೆಂದು ಬರುತ್ತೇವೆ,
ದೋಣಿ ಕಟ್ಟುವುದು, ಕಾಡ್ ಮೀನು ಸೀಳುವುದು ಕಲಿಯುತ್ತೇವೆ,
ಪಾತ್ರೆ ತೊಳೆಯುವ ಸರದಿಗೆ ಜಗಳವಾಡುತ್ತೇವೆ.

ಸೂರ್ಯ ಎರಡು ತಿಂಗಳು ರಜೆ ಹಾಕಿದ.
ಆಗ ಸುನ್ನಿವಾ ಮೂರು ದಿನ ಕೋಣೆ ಬಿಟ್ಟು ಬರಲಿಲ್ಲ.
ಯಾರೂ ಏನೂ ಕೇಳಲಿಲ್ಲ.
ಅಡುಗೆಯ ಹಾಲ್ವರ್ ಮಾತ್ರ ದಿನಾ ಬಾಗಿಲ ಹೊರಗೆ
ಬಿಸಿ ಗಂಜಿಯ ಬಟ್ಟಲಿಟ್ಟು
ಒಮ್ಮೆ ಕೆಮ್ಮಿ ಹೋಗುತ್ತಿದ್ದ.

ಬೆಳಕು ಮೊದಲು ಮರಳಿದ್ದು ಬಟ್ಟೆ ಒಗೆಯುವ ಕೋಣೆಗೆ,
ಕಿಟಕಿಯಲ್ಲಿ ಒಂದು ಅಂಗೈಯಗಲ.
ಪಾಠ ಬಿಟ್ಟು ಎಲ್ಲರೂ ಅಲ್ಲಿಗೇ ನುಗ್ಗಿದೆವು,
ಒದ್ದೆ ಚಾದರಗಳ ನಡುವೆ ಸಾಲಾಗಿ ನಿಂತು
ಮುಖಕ್ಕೆ ಹಚ್ಚಿಕೊಂಡೆವು.
ಸುನ್ನಿವಾಳನ್ನು ಮುಂದೆ ಬಿಟ್ಟೆವು.

ಈಗ ಮೇ. ನಾವು ಕಟ್ಟಿದ ದೋಣಿ ಇನ್ನೂ ಸೋರುತ್ತದೆ.
ಅಜ್ಜಿ ಫೋನಿನಲ್ಲಿ ಕೇಳುತ್ತಾಳೆ: ಏನು ಕಲಿತೆ?
ಹೆಜ್ಜೆ ಸಪ್ಪಳ, ಅಂದೆ.
ಮಲಗಿದಲ್ಲೇ ಹೇಳಬಲ್ಲೆ,
ಕಾರಿಡಾರಿನಲ್ಲಿ ಹೋಗುವುದು ಯಾರೆಂದು.
ಅಷ್ಟೇನಾ?

ಬಾಗಿಲ ಬಳಿ ಹನ್ನೊಂದು ಜೊತೆ ಉಳಿದಿವೆ.
ನನ್ನವು ಹುಡುಕಲು
ಯಾಕೋ ತುಂಬ ಹೊತ್ತು ಹಿಡಿಯುತ್ತಿದೆ.