ತುಟಿಯ ಲೆಕ್ಕ

ನಾಲ್ಕು ತುಂಬುವ ಮೊದಲೇ ಜ್ವರ ಬಂದು
ನನ್ನ ಕಿವಿಯ ಕದ ಮುಚ್ಚಿಕೊಂಡು ಹೋಯಿತು.
ಕೊನೆಗೆ ಕೇಳಿದ್ದು, ನೆನಪಿದೆ, ನೆಲಮಾಳಿಗೆಗೆ
ಕಲ್ಲಿದ್ದಲು ಜಾರುವ ಸದ್ದು.
ಆಮೇಲೆ ಲೋಕವೆಲ್ಲ ತುಟಿ.

ಫೋರ್ಟ್ ಲೀಯ ಕತ್ತರಿ ಕೋಣೆಯಲ್ಲಿ ನನಗೆ
ಕೆಲಸ ಕೊಟ್ಟದ್ದೂ ಅದಕ್ಕೇ: ಹರಟುವುದಿಲ್ಲ,
ಊಟದ ಗಂಟೆ ಬಾರಿಸಿದರೂ ಏಳುವುದಿಲ್ಲ.
ಬಿಳಿ ಕೈಗವಸು, ಅಂಟಿನ ಸೀಸೆ,
ಕೆಳಗಿಂದ ದೀಪ ಉರಿಯುವ ಗಾಜಿನ ಮೇಲೆ
ಗೇಣುದ್ದದೊಳಗೆ ಹನ್ನೆರಡು ಹೆಸ್ಟರ್ ಕ್ವೇಲ್.

ಎಂಟು ವರ್ಷ ಕಂಪನಿ ಅವಳನ್ನು ಅಳಿಸಿತು.
ತೊಟ್ಟಿಲ ಪಕ್ಕ, ಜೈಲಿನ ಸರಳ ಹಿಂದೆ, ಹಿಮದಲ್ಲಿ.
ವಾರಕ್ಕೆ ಇಷ್ಟು ಡಾಲರು, ಇಷ್ಟು ಕಣ್ಣೀರು.
ಒಂಬತ್ತನೆಯ ವರ್ಷ ಕರಾರು ಪತ್ರವನ್ನು ಮಡಿಸಿ
ಅಲ್ಲಾಡುವ ಮೇಜಿನ ಕಾಲಡಿಗಿಟ್ಟು
ಹೊರಟುಬಂದಳು. ಮುತ್ತಿನ ಸರ ಒತ್ತೆ. ಮನೆ ಒತ್ತೆ.
ಹಡ್ಸನ್ ದಂಡೆಯ ಮೇಲೆ, ಗಾಜಿನ ಛಾವಣಿಯ
ಹಳೆಯ ಸ್ಟುಡಿಯೋ ಬಾಡಿಗೆಗೆ ಹಿಡಿದು
ನನ್ನನ್ನೂ ಕರೆದಳು. ಕರೆದ ರೀತಿ ಹೇಳಬೇಕು:
ಎದುರಿಗೆ ಬಂದು, ಬೆಳಕಿಗೆ ಮುಖ ತಿರುಗಿಸಿ
"ಬ್ರೊನ್ಯಾ" ಅಂದಳು, ಎರಡು ಸಲ.
ಬೇರೆಯವರು ಭುಜ ತಟ್ಟುತ್ತಿದ್ದರು.

ಅವಳ ಕತೆ: ದೋಣಿಯವನು ಸಾಯುತ್ತಾನೆ,
ಹೆಂಡತಿ ಹುಟ್ಟು ಹಿಡಿಯುತ್ತಾಳೆ. ಅಷ್ಟೇ.
ಗಿರಣಿಯ ಯಜಮಾನ ಮದುವೆ ಕೇಳುತ್ತಾನೆ,
ಅವಳು ಅವನನ್ನು ಆಚೆ ದಡಕ್ಕೆ ಬಿಟ್ಟು
ಕಾಸು ಎಣಿಸಿಕೊಂಡು ವಾಪಸಾಗುತ್ತಾಳೆ.

ಜುಲೈ ತಿಂಗಳ ದೃಶ್ಯ, ಜನವರಿಯ ಚಳಿ.
ಯುದ್ಧಕ್ಕೆ ಹೋದ ಕಲ್ಲಿದ್ದಲು ನಮಗೆಲ್ಲಿ?
ಬಾಯಿ ತೆರೆದರೆ ಹಬೆ. ಅದಕ್ಕೆ ಅವಳು
ಪ್ರತಿ ಶಾಟಿಗೂ ಮೊದಲು ಎಲ್ಲರ ನಾಲಗೆಯ ಮೇಲೆ
ಒಂದೊಂದು ಮಂಜುಗಡ್ಡೆಯ ಚೂರು ಇಟ್ಟಳು,
ಪಾದ್ರಿ ರೊಟ್ಟಿ ಕೊಡುವ ಹಾಗೆ.

ಸಾವಿನ ದೃಶ್ಯ ನನ್ನ ಮೇಜಿಗೆ ಬಂತು.
ಗಂಡನ ಎದೆಯ ಮೇಲೆ ಬಿದ್ದು ಅಳುತ್ತಾಳೆ,
ಕಣ್ಣಲ್ಲಿ ನಿಜವಾದ ನೀರು. ತುಟಿ ಹೇಳುತ್ತಿತ್ತು:
"ಉಸಿರಾಡಬೇಡ ಮಾರಾಯ, ಅಡಿಗೆ ನಾಲ್ಕು ಸೆಂಟು.
ಶನಿವಾರದ ಸಂಬಳ ಎಲ್ಲಿಂದ ತರಲಿ,
ಬಡಗಿಗೆ ಹನ್ನೊಂದು, ಬಣ್ಣದವನಿಗೆ ಆರು..."
ನಕ್ಕೆ. ಆಮೇಲೆ ನಗು ನಿಂತಿತು.
ನಡುವೆ ಕತ್ತರಿಸಿ ಅಕ್ಷರದ ಫಲಕ ಅಂಟಿಸಿದೆ:
"ನನ್ನ ಪ್ರಾಣವೇ, ನನ್ನನ್ನು ಒಂಟಿ ಮಾಡಿದೆಯಾ!"
ಅಳು ಎರಡಕ್ಕೂ ಹೊಂದುತ್ತಿತ್ತು.

ನ್ಯೂಯಾರ್ಕಿನಿಂದ ಹಂಚಿಕೆದಾರರು ಬಂದರು, ಮೂವರು,
ಕೋಟು ಬಿಚ್ಚಲಿಲ್ಲ. ಚಿತ್ರ ಮುಗಿದ ಮೇಲೆ
ಮೀಸೆಯೊಳಗೇ ಮಾತಾಡಿಕೊಂಡರು. (ಮೀಸೆಯವರು
ನನಗೆ ಕಷ್ಟ.) ಒಬ್ಬನದು ಬೋಳಿಸಿದ ಮುಖ,
ಅವನಿಂದ ತಿಳಿಯಿತು: ಮದುವೆಯಾಗಲಿ.
ಮದುವೆ ಇಲ್ಲದಿದ್ದರೆ ಪಿಟ್ಸ್‌ಬರ್ಗಿನಾಚೆ
ಒಂದು ಥಿಯೇಟರೂ ಇಲ್ಲ.

ಅವಳು ಗೋಡೆಗೆ ಮುಖ ಮಾಡಿ ನಿಂತಳು.
ಏನಂದಳೋ, ಗೊತ್ತಿಲ್ಲ.

ಸೋಮವಾರ ಹೂವು ತರಿಸಿದಳು, ಕಾಗದದ್ದು.
ಗಿರಣಿಯವನ ಕೈ ಹಿಡಿದಳು. ಪಾದ್ರಿ ಕೇಳಿದ.
ಫಲಕದಲ್ಲಿ: "ಒಪ್ಪಿದ್ದೇನೆ."
ಫಲಕಕ್ಕೆ ಮುಂಚಿನ ಹನ್ನೊಂದು ಚೌಕಟ್ಟುಗಳಲ್ಲಿ
ಬೆಳಕಿಗೆ ಮುಖ ತಿರುಗಿಸಿ, ನಿಧಾನವಾಗಿ,
ತುಟಿ ದುಂಡಗೆ ಮಾಡಿ, "ಇಲ್ಲ" ಅಂದಿದ್ದಳು.
ಕತ್ತರಿಸಬಹುದಿತ್ತು. ಕತ್ತರಿಸುವುದೇ ನನ್ನ ಕಸುಬು.
ಬಿಟ್ಟೆ.

ಚಿತ್ರ ಓಡಲಿಲ್ಲ ಅನ್ನಲಾರೆ; ಕುಂಟಿತು.
ಲೆಕ್ಕದ ಪುಸ್ತಕ ಹಂಚಿಕೆದಾರರ ಹತ್ತಿರವೇ ಇತ್ತು.
ಆದರೆ ಟ್ರೆಂಟನ್ನಿನಲ್ಲಿ ಒಂದು ಮಧ್ಯಾಹ್ನ
ಕಿವುಡರ ಶಾಲೆಯ ಹುಡುಗಿಯರು, ಎರಡು ಸಾಲು,
ಮದುವೆಯ ಹೊತ್ತಿಗೆ ಎದ್ದು ನಿಂತು
ಕರವಸ್ತ್ರ ಬೀಸಿದರಂತೆ, ಬೀಸಿದರಂತೆ,
ಪಿಯಾನೋದವನು ಬೆಂಕಿ ಬಿತ್ತೆಂದು ಹೆದರಿ
ನುಡಿಸುವುದನ್ನೇ ನಿಲ್ಲಿಸಿದನಂತೆ.
ಟಿಕೆಟ್ಟಿನವನು ಬರೆದ ಆ ಕಾಗದವನ್ನು
ಹೆಸ್ಟರ್ ನನ್ನ ಮೇಜಿನ ಮೇಲಿಟ್ಟು ಹೋದಳು.

ಮುಂದಿನ ವಸಂತಕ್ಕೆ ಸ್ಟುಡಿಯೋ ಹೋಯಿತು. ಮನೆಯೂ.
ಪ್ರತಿಗಳನ್ನು ಬೆಳ್ಳಿಗಾಗಿ ಕರಗಿಸಲು ಒಯ್ದರು,
ಪೌಂಡಿಗೆ ಇಷ್ಟು ಅಂತ ತೂಗಿ.
ಅವರು ಬರುವ ಹಿಂದಿನ ರಾತ್ರಿ
ಕತ್ತರಿ ಆಡಿಸಿದೆ.

ಬಿಸ್ಕತ್ತಿನ ಡಬ್ಬದಲ್ಲಿವೆ, ಕಿಟಕಿಯ ಹೊರಗೆ,
ಕಬ್ಬಿಣದ ಮೆಟ್ಟಿಲ ಮೇಲೆ. ತಾನಾಗಿ ಹೊತ್ತಿಕೊಳ್ಳುವ
ವಸ್ತು ಅದು, ಮನೆಯೊಡತಿಗೆ ದಿಗಿಲು.
ಮೊನ್ನೆ ತೆರೆದರೆ ಜೇನಿನಂಥ ಅಂಟು,
ಹಳೆಯ ಕಾಲುಚೀಲದ ವಾಸನೆ.
ನಾಲ್ಕು ಒಂದಕ್ಕೊಂದು ಹತ್ತಿಕೊಂಡಿವೆ.
ಏಳರಲ್ಲಿ ತುಟಿ ಇನ್ನೂ ದುಂಡಗಿದೆ.