ಕಲ್ಲುಹೂವಿನ ನಾಲಗೆ

ಎಲ್ ಯೆರೊ ದ್ವೀಪದ ಪಡುವಣ ತುದಿ.
ಆರು ಬೆಂಚಿನ ಶಾಲೆ; ಕಿಟಕಿಗೆ ಕಡಲು ಒರಗಿ ನಿಂತಿದೆ.
ಇದೈರಾ ಟೀಚರು ಡಬ್ಬಿಯಿಂದ ಎಣಿಸಿ ಎಣಿಸಿ
ಹಂಚುತ್ತಾಳೆ ಪಟ್ಟಿ, ಕಿರುಬೆರಳಿಗಿಂತ ಸಣ್ಣ:
"ಜೋಪಾನ. ಇದು ಕಾಗದವಲ್ಲ, ನನ್ನ ಮುತ್ತಜ್ಜನ ನಾಲಗೆ."

ಮಕ್ಕಳು ನಕ್ಕರು. ಅವಳು ನಗಲಿಲ್ಲ.

ಮುತ್ತಜ್ಜ ಫೆರ್ಮಿನ್ ಬಂಡೆಯಂಚಿಂದ ಇಳಿಯುತ್ತಿದ್ದನಂತೆ,
ಸೊಂಟಕ್ಕೆ ಹಗ್ಗ, ಹೆಗಲಿಗೆ ಗೋಣಿ,
ಕೆರೆದು ತುಂಬುತ್ತಿದ್ದನಂತೆ ಕಲ್ಲುಹೂವು,
ಬೂದಿಬಣ್ಣದ, ಯಾರ ಮುಡಿಗೂ ಏರದ ಹೂವು.
ಹಡಗು ಹತ್ತಿ ಹೋಗಿ ಅದು ಯಾವುದೋ ಊರಲ್ಲಿ
ಹಳೆ ಉಚ್ಚೆಯಲ್ಲಿ, ಸುಣ್ಣದಲ್ಲಿ, ವಾರಗಟ್ಟಲೆ ಕೊಳೆತು
ಬಣ್ಣ ಬಿಡುತ್ತಿತ್ತು.
"ಥೂ!" ಎಂದಿತು ಹಿಂದಿನ ಬೆಂಚು.
ಥೂ ಅನ್ನಿ, ಅಡ್ಡಿಯಿಲ್ಲ.
ನಾರಿದ ಮೇಲೆಯೇ ಅದಕ್ಕೆ ಬಂದದ್ದು ವಿವೇಕ:
ಹುಳಿ ಕಂಡರೆ ಕೆಂಪು, ಕ್ಷಾರ ಕಂಡರೆ ನೀಲಿ.
ಒಂದು ಕಣ್ಣಿಗೆ ಬೆಣ್ಣೆ, ಒಂದಕ್ಕೆ ಸುಣ್ಣ
ಅದಕ್ಕೆ ತಿಳಿಯದು.

ಮೇಲೆ, ಬಂಡೆಯ ನೆತ್ತಿಯಲ್ಲಿ, ಹಗ್ಗ ಹಿಡಿದವ ಬಾಸಿಲಿಯೊ.
ಇಬ್ಬರಿಗೂ ಮಾತು ಬಿಟ್ಟು ಏಳು ವರ್ಷ,
ಒಂದು ಅಂಜೂರದ ಮರ ಯಾರ ಬೇಲಿಯೊಳಗೆಂದು.
ಆದರೂ ದಿನಾ ಬಂದ, ದಿನಾ ಹಿಡಿದ.
ಹಗ್ಗ ಯಾರದು? ಅರ್ಧ ನಿನ್ನದು, ಅರ್ಧ ನನ್ನದು ಎಂದು
ಕತ್ತರಿಸಿ ನೋಡಿ, ತಿಳಿಯುತ್ತದೆ.
ಇದೈರಾ ಹಲಗೆಯ ಮೇಲೆ ಎರಡು ಸೊನ್ನೆ ಬರೆದಳು,
ನಡುವೆ ಎರಡು ಚುಕ್ಕಿ:
ಜಲಜನಕ, ಜಲಜನಕ.
ಚುಕ್ಕಿ ಇಬ್ಬರವೂ. ಪಾಲಿಗೆ ಕೂತರೆ ಮನೆ ಮುರಿಯಿತು.

ಸೋಡಿಯಂ ಹಾಗಲ್ಲ. ಕೊಟ್ಟೇಬಿಡುತ್ತದೆ
ಹೊರ ಅಂಗಳದ ಒಂದೇ ಒಂದು ಎಲೆಕ್ಟ್ರಾನು
ಕ್ಲೋರಿನ್ನಿನ ಕೈಗೆ.
ಅವಳ ಭಾಷೆಯಲ್ಲಿ ಅದು ಬರೀ ಪ್ಲಸ್ಸು, ಮೈನಸ್ಸು.
ಬಾಗಿಲಲ್ಲಿ ನಿಂತು ಕನ್ನಡದಲ್ಲಿ ಕೇಳಿಸಿಕೊಂಡ ನನಗೆ ಮಾತ್ರ
ಕೊಟ್ಟವನೇ ಧನ, ಪಡೆದವನೇ ಋಣ.
ಉಪ್ಪಿನ ಋಣ ಅನ್ನುತ್ತೇವಲ್ಲ,
ಅದು ಉಂಡವರ ಮೇಲಷ್ಟೇ ಎಂದುಕೊಂಡಿದ್ದೆ.
ಹರಳಿನೊಳಗೇ ಇದೆ, ಮೂಲೆಮೂಲೆಗೂ.

ಆಮೇಲೆ ಸೀಸೆಯ ಆಮ್ಲಕ್ಕೆ ಹನಿಹನಿ ಕ್ಷಾರ.
ಗಾಜು ಬೆಚ್ಚಗಾಯಿತು, ಜಗಳದಲ್ಲಿ ಕೆನ್ನೆ ಬಿಸಿಯಾಗುವಂತೆ.
ಒಂದು ಹನಿ. ಇನ್ನೊಂದು. ಸಾಕು.
ಪಟ್ಟಿ ಯಾರ ಪರವೂ ವಹಿಸಲಿಲ್ಲ.
"ಉಳಿದದ್ದೇನು?"
"ಉಪ್ಪು, ನೀರು."

ಮೀನುಗಾರರ ಹುಡುಗ ಆಯ್ಥಾಮಿ ಕೈಯೆತ್ತಿದ,
ಕಿಟಕಿಯತ್ತ ನೋಡುತ್ತಲೇ:
"ಹಾಗಾದರೆ ಟೀಚರ್, ಇದು
ಯಾರ ಜಗಳ ಮುಗಿದು ಆದದ್ದು?"

ಅವಳ ಬಳಿ ಉತ್ತರವಿರಲಿಲ್ಲ.
ಚಾಕ್ ಕೆಳಗಿಟ್ಟು ಎಲ್ಲರನ್ನೂ ಕರಿಕಲ್ಲಿನ ದಡಕ್ಕಿಳಿಸಿದಳು.
ಕೆಂಪು ಪಟ್ಟಿಯೊಂದನ್ನು ಅಲೆಗೆ ಅದ್ದಿ ಹಿಡಿದ ಹುಡುಗ.
ಕಾದರು.
ಅಂಚು ವಾಲಿತು ನೀಲಿಗೆ, ತುಸು, ತುಸುವೇ.

"ಪೂರ್ತಿ ಮುಗಿದಿಲ್ಲ," ಅಂದ,
ಒದ್ದೆ ಪಟ್ಟಿಯನ್ನು ಅಂಗಿಯ ಜೇಬಿಗಿಳಿಸಿದ.

ಸಂಜೆ ದಾಸ್ತಾನು ಪುಸ್ತಕದಲ್ಲಿ ಇದೈರಾ
ಒಂದು ಕಡಿಮೆ ಎಂದು ಬರೆದಳು.
ಕಾರಣದ ಕಲಂ ಖಾಲಿ ಬಿಟ್ಟಳು.