ಹನ್ನೊಂದು ತಿಂಗಳ ಕರಾರು

ಪರಿಹಾರದ ಚೆಕ್ಕು ಬಂದಾಗ ನಮ್ಮವರು ಇರಲಿಲ್ಲ.
ಕೋರ್ಟಿನ ಮೆಟ್ಟಿಲು ಸವೆಸಿದ್ದು ಅವರು,
ಸಹಿ ಹಾಕಿದ್ದು ನಾನು, ಗುಲಾಬಿ ತಾಂಡೇಲ,
ಕೊನೆಯ ಅಕ್ಷರ ಚೌಕದ ಹೊರಗೆ ಬಿದ್ದು.

ಚಿನ್ನ ಮಾಡಿಸು ಎಂದಳು ನಾದಿನಿ.
ಬ್ಯಾಂಕಿನಲ್ಲಿಡು, ಕೂತಲ್ಲೇ ಬಡ್ಡಿ, ಎಂದರು ಸೊಸೈಟಿಯ ರಾಯ್ಕರ ಮಾಸ್ತರು.
ದೋಣಿಗೆ ಹೊಸ ಇಂಜಿನ್ನು ಎಂದ ಮೈದುನ, ಸ್ವಲ್ಪ ಕುಡಿದಿದ್ದ.
ಇಪ್ಪತ್ತೆಂಟು ವರ್ಷ ಬುಟ್ಟಿ ಹೊತ್ತ ತಲೆ ಇದು,
ಇವತ್ತಿನ ಬಂಗಡೆ ನಾಳೆ ತೆಂಗಿನ ಬುಡಕ್ಕೆ ಎಂದು ಬಲ್ಲ ತಲೆ.
ಕೊಳೆಯದ್ದು ಏನಾದರೂ ಬೇಕು ಅನ್ನಿಸಿತು.

ಮುದಗಾ ಕಾಲನಿಯ ಸೈಟಿನ ಹಿಂಬದಿಗೆ
ಚಿರೇಕಲ್ಲಿನ ಮೂರು ಬಿಡಾರ ಎಬ್ಬಿಸಿದೆ.
ಒಂದೊಂದಕ್ಕೂ ಒಂದು ಕೋಣೆ, ಒಂದು ಒಲೆಕಟ್ಟೆ, ಒಂದು ಮೀಟರು.
ಮೇಸ್ತ್ರಿ ಗಜಾನನ ಹೇಳಿದ್ದು ಎಂಟು ಲಕ್ಷ,
ಆದದ್ದು ಹನ್ನೊಂದೂ ಚಿಲ್ಲರೆ.
ಆ ಚಿಲ್ಲರೆಯಲ್ಲಿ ನನ್ನ ಎರಡು ಬಳೆ.

ಬಾಡಿಗೆ ಎಂದರೆ ಮಲಗಿ ಉಣ್ಣುವ ಅನ್ನ ಎನ್ನುತ್ತಾರೆ.
ನಾನು ಮಲಗಿದ್ದು ಯಾವಾಗ?
ಉಪ್ಪುಗಾಳಿ ಮೊದಲು ಕಿಟಕಿಯ ಸರಳು ತಿನ್ನುತ್ತದೆ,
ಆಮೇಲೆ ಬೀಗ, ಆಮೇಲೆ ನೀರಿನ ಪಂಪು.
ನಡುವಿನ ಬಿಡಾರ ಮಳೆಗಾಲ ಪೂರ್ತಿ ಖಾಲಿ,
ದಳ್ಳಾಳಿ ಉಳ್ವೇಕರ ವಾರಕ್ಕೊಮ್ಮೆ ಚಹಾ ಕುಡಿದು
"ಶ್ರಾವಣ ಕಳೀಲಿ ಬಾಯೋ" ಎಂದು ಹೋಗುತ್ತಿದ್ದ.
ಖಾಲಿ ಮನೆಗೂ ತೆರಿಗೆ ಬರುತ್ತದೆ.
ಧಕ್ಕೆ ಕಟ್ಟಲು ಬಂದ ವೆಲ್ಡರ್ ಬೆಹೆರಾ
ಎರಡು ತಿಂಗಳ ಬಾಕಿ ಇಟ್ಟು ರಾತ್ರಿ ರೈಲು ಹತ್ತಿದ.
ಬಿಟ್ಟದ್ದು ಒಂದು ಫ್ಯಾನು. ತಿರುಗುತ್ತದೆ. ಜಮಾ.

ಕೊನೆಯ ಬಿಡಾರದ ನರ್ಸು ಮಮ್ತಾಜ್, ಹಾನಗಲ್ಲಿನವಳು,
ಒಂದನೇ ತಾರೀಖಿಗೆ ಮುಂಚೆಯೇ ನನ್ನ ಫೋನು ಟಣ್ ಎನ್ನಿಸುತ್ತಾಳೆ.
ಅವಳ ಬಟ್ಟೆಗೆಂದು ಹಿತ್ತಲಲ್ಲಿ ಹೊಸ ತಂತಿ ಕಟ್ಟಿದೆ.
ಎಪ್ಪತ್ತು ರೂಪಾಯಿ. ಪುಸ್ತಕದಲ್ಲಿ ಬರೆದಿಲ್ಲ.

ಮೊದಲ ಬಿಡಾರಕ್ಕೆ ಬಂದವನು ನೇವಿಯ ಹುಡುಗ, ಬಿಷ್ಟ್,
ಬೆಟ್ಟದ ಕಡೆಯವನು, ಮೀನಿನ ವಾಸನೆಗೆ ಮೂಗು ಹಿಡಿದವನು.
ಬೆಳಿಗ್ಗೆ ಆರಕ್ಕೆ ಬೈಕು ಒದ್ದು
ಆ ಗೇಟಿನೊಳಗೆ ಹೋಗುತ್ತಿದ್ದ.
ಗೇಟಿನಿಂದ ಎಡಕ್ಕೆ ಮುನ್ನೂರು ಹೆಜ್ಜೆ,
ಅಲ್ಲಿ ನಮ್ಮ ಅಡುಗೆಮನೆ ಇತ್ತು.
ನೆಲ ತೆಗೆದುಕೊಂಡವರು ಈಗ ತಿಂಗಳಿಗೆ
ನಾಲ್ಕೂವರೆ ಸಾವಿರ ಕೊಡುತ್ತಾರೆ,
ನೀರು ಸೇರಿ, ಕರೆಂಟು ಬೇರೆ.
ರಸೀದಿ ಬರೆಯುವಾಗ ಒಮ್ಮೆ ನಗು ಬಂದು
ಶಾಯಿ ಹರಡಿತು.

ಒಂದು ದಿನ ಕೇಳಿದೆ, ನನ್ನ ಒಡಕು ಹಿಂದಿಯಲ್ಲಿ:
ಒಳಗೊಂದು ಬಾವಿ, ಬಿಂಬಲಿ ಮರದ ಪಕ್ಕ,
ಕಟ್ಟೆ ಒಂದು ಕಡೆ ಒಡೆದದ್ದು. ಇದೆಯಾ?
ಒಳಗಿನದ್ದು ಹೇಳಬಾರದು ಆಯೀ, ಎಂದ.
ನನ್ನ ಬಾವಿ ದೇಶದ ಗುಟ್ಟಾಗಿದೆ.
ಸರಿ ಎಂದೆ. ಸುಂಗಟೆ ಸುಲಿಯುತ್ತ ಕೂತೆ.

ಮುಂದಿನ ತಿಂಗಳು ಬಾಡಿಗೆ ಎಣಿಸಿ ಕೊಟ್ಟು,
ಚಪ್ಪಲಿ ಮೆಟ್ಟುತ್ತ, ನನ್ನ ಕಡೆ ನೋಡದೆ
"ನೀರು ಸಿಹಿ ಇದೆ" ಎಂದ.
ಅಷ್ಟೇ.

ಕರಾರು ಮುಗಿದಾಗ ನೂರಕ್ಕೆ ಐದು ಏರಿಸಿದೆ.
ಏರಿಸಲೇಬೇಕು, ಪಂಪಿನವನು ನನಗೆ ಕಡಿಮೆ ಮಾಡುತ್ತಾನೆಯೇ?
ಮರುವರ್ಷ ಹುಡುಗನಿಗೆ ವಿಶಾಖಪಟ್ಟಣಕ್ಕೆ ವರ್ಗ.
ಗೋಡೆಯಲ್ಲಿ ಅವನು ಹೊಡೆದ ಮೊಳೆ ಏಳು.
ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲಿಲ್ಲ.

ನಿನ್ನೆ ಹೊಸಬ ಬಂದ, ಅದೇ ಗೇಟಿನವನು.
ಹೆಂಡತಿ ಬಸುರಿ. ನಲ್ಲಿ ತಿರುಗಿಸಿ
ಬೊಗಸೆಯಲ್ಲಿ ಹಿಡಿದು ಕುಡಿದು ಮುಖ ಕಿವುಚಿದಳು.
ಚೂರು ಉಪ್ಪು, ಎಂದೆ,
ಈ ಕಾಲನಿಯಲ್ಲಿ ಎಲ್ಲರಿಗೂ ಹಾಗೆಯೇ.
ಅಡ್ವಾನ್ಸು ಎಣಿಸಿಕೊಂಡೆ, ಬೀಗದ ಕೈ ಕೊಟ್ಟೆ,
ಜೊತೆಗೆ ಮುಚ್ಚಳ ಗಟ್ಟಿಯಿದ್ದ ಒಂದು ಖಾಲಿ ಕ್ಯಾನು.
ಯಾಕೆಂದು ಅವನು ಕೇಳಲಿಲ್ಲ.
ಇನ್ನೂ ಹನ್ನೊಂದು ತಿಂಗಳಿದೆ.